ಲಕ್ವಾ ಹೊಡೆದ ಮೇಲೆ ಬಿಗಿಯುವ ಕೈ



ನಾನು ಡಾಕ್ಟರಲ್ಲ. ಉರ್ದು, ಕನ್ನಡ ಪಾಠ ಮಾಡುವ ಮೇಷ್ಟ್ರು. ಆದರೂ ಇಂದು ಒಂದು ಕಾಯಿಲೆಯ ವಿಷಯ ಮಾತನಾಡಲು ನಿಂತಿದ್ದೇನೆ. ಅದನ್ನು ತಿಳಿಯದೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಹಾಳು ಮಾಡಿಕೊಂಡೆವು. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ನಮ್ಮ ಅಬ್ಬಾ ಟೈಲರ್. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಜೀವ ಉಳಿಯಿತು, ಮನೆಗೆ ಬಂದರು. ಮೊದಲು ಜೋತುಬಿದ್ದಿದ್ದ ಕೈ ಎರಡನೇ ತಿಂಗಳಲ್ಲಿ ಬಿಗಿಯತೊಡಗಿತು. ಮೊಣಕೈ ಮಡಚಿಕೊಂಡಿತು, ಮುಷ್ಟಿ ಕಟ್ಟಿತು, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತು. ಕೈಗೆ ಶಕ್ತಿ ಬರುತ್ತಿದೆಯೆಂದು ನಾವು ಸಂತೋಷಪಟ್ಟೆವು. ಆದರೆ ವುಝೂ ಮಾಡಿಸಲು ಅಂಗೈ ಬಿಡಿಸುವುದೇ ಕಷ್ಟವಾಯಿತು. ಯಾರೋ ಕಾಡು ಪಾರಿವಾಳದ ಸಾರು ಕುಡಿಸಿ ಎಂದರು. ಚಾಚಾ ದಿನವೂ ಎಣ್ಣೆ ಹಚ್ಚಿ ಬೆರಳುಗಳನ್ನು ಜಗ್ಗಿ ಬಿಡಿಸುತ್ತಿದ್ದರು. ಜಗ್ಗಿದಷ್ಟೂ ಮುಷ್ಟಿ ಬಿಗಿಯಾಯಿತು. ಅಬ್ಬಾ ನೋವಿನಿಂದ ಕೂಗಿದಾಗ "ಸ್ವಲ್ಪ ತಡ್ಕೊಳ್ಳಿ ಅಬ್ಬಾ" ಎಂದವನು ಬಿ.ಎಡ್. ಓದಿದ ನಾನೇ.

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ನಮ್ಮ ಕಣ್ಣು ತೆರೆಸಿದರು. ಮಾಂಸಖಂಡಗಳು ಅತಿಯಾಗಿ ಬಿಗಿಯದಂತೆ ಮಿದುಳು ಹತೋಟಿ ಇಟ್ಟಿರುತ್ತದೆ. ಲಕ್ವಾದಿಂದ ಮಿದುಳಿಗೆ ಪೆಟ್ಟಾದಾಗ ಆ ಹತೋಟಿ ತಪ್ಪುತ್ತದೆ. ಆಗ ಎಷ್ಟು ವೇಗವಾಗಿ ಎಳೆಯುತ್ತೇವೋ ಮಾಂಸಖಂಡ ಅಷ್ಟೇ ಜೋರಾಗಿ ಬಿಗಿಯುತ್ತದೆ. ಇದಕ್ಕೆ ಸ್ಪಾಸ್ಟಿಸಿಟಿ ಎನ್ನುತ್ತಾರೆ. ಇದು ರೋಗಿಯ ಹಟವಲ್ಲ, ಹಣೆಬರಹವೂ ಅಲ್ಲ.

ಹಾಗಾದರೆ ಚಿಕಿತ್ಸೆ ಏನು? ಮೊದಲನೆಯದು ವ್ಯಾಯಾಮ. ಕೈಯನ್ನು ನಿಧಾನವಾಗಿ ಚಾಚಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದು, ಮೆಲ್ಲಗೆ ಬಿಡಬೇಕು. ಮಲಗಿದಾಗಲೂ ಕೂತಾಗಲೂ ಕೈಕಾಲು ಸರಿಯಾದ ಭಂಗಿಯಲ್ಲಿರಬೇಕು. ಕೆಲವರಿಗೆ ಸ್ಪ್ಲಿಂಟ್ ಕಟ್ಟುತ್ತಾರೆ. ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಿದರೆ ಮಲಬದ್ಧತೆ, ಮೂತ್ರದ ಸೋಂಕು, ಹಾಸಿಗೆ ಹುಣ್ಣು, ಒಳಗೆ ಚುಚ್ಚುವ ಉಗುರು ಇವೆಯೇ ನೋಡಿ. ಆ ತೊಂದರೆ ಹೋದರೆ ಬಿಗಿತವೂ ಇಳಿಯಬಹುದು.

ಎರಡನೆಯದು ಗುಳಿಗೆ. ಬ್ಯಾಕ್ಲೋಫೆನ್, ಟಿಜಾನಿಡಿನ್ ಮುಂತಾದವನ್ನು ವೈದ್ಯರು ಕೊಡುತ್ತಾರೆ. ಇವು ಇಡೀ ದೇಹದ ಮೇಲೆ ಕೆಲಸ ಮಾಡುವುದರಿಂದ ಮಂಪರು, ನಿಶ್ಶಕ್ತಿ ಬರಬಹುದು. ಬ್ಯಾಕ್ಲೋಫೆನನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ.

ಮೂರನೆಯದು ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷವೇ ಇಲ್ಲಿ ಔಷಧಿ! ಅತ್ಯಲ್ಪ ಪ್ರಮಾಣದಲ್ಲಿ ಬಿಗಿದ ಮಾಂಸಖಂಡಕ್ಕೆ ಚುಚ್ಚಿದರೆ, ನರದಿಂದ ಬರುವ ಆಜ್ಞೆಯನ್ನು ಅದು ತಡೆಯುತ್ತದೆ. ಅಮೆರಿಕದಲ್ಲಿ ಇದಕ್ಕೆ 1989ರಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಗೆ, 2010ರಲ್ಲಿ ಕೈಯ ಸ್ಪಾಸ್ಟಿಸಿಟಿಗೆ ಒಪ್ಪಿಗೆ ಸಿಕ್ಕಿತು. ಕೆಲವು ದಿನಗಳಲ್ಲಿ ಗುಣ ಕಾಣಿಸಿ ಸುಮಾರು 3 ತಿಂಗಳು ಉಳಿಯುತ್ತದೆ. ಆ ಅವಧಿಯಲ್ಲಿ ವ್ಯಾಯಾಮ ಮಾಡಿಸದಿದ್ದರೆ ಖರ್ಚು ಮಾಡಿದ ಹಣ ದಂಡ.

ಬಿಗಿತ ತೀರಾ ಹೆಚ್ಚಿದ್ದರೆ, ಹೊಟ್ಟೆಯ ಚರ್ಮದಡಿ ಪಂಪ್ ಇಟ್ಟು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಬ್ಯಾಕ್ಲೋಫೆನ್ ಹರಿಸುವುದುಂಟು. ಕೀಲು ಮಡಚಿದಂತೆಯೇ ಗಟ್ಟಿಯಾಗಿ ನಿಂತುಬಿಟ್ಟರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಒಂದು ವಿಭಾಗವಿದೆ.

ನಮ್ಮ ಅಬ್ಬಾ ಮತ್ತೆ ಕತ್ತರಿ ಹಿಡಿಯಲಿಲ್ಲ. ಆದರೆ ಇಂದು ಅವರ ಅಂಗೈ ತೆರೆಯುತ್ತದೆ, ನೀರು ಒಳಗೆ ತಲುಪುತ್ತದೆ, ಅಂಗಿಯ ತೋಳಿನಲ್ಲಿ ಕೈ ಸಲೀಸಾಗಿ ಹೋಗುತ್ತದೆ. ಮೊದಲ ತಿಂಗಳಲ್ಲೇ ಶುರು ಮಾಡಿದ್ದರೆ ಅವರು ಅಷ್ಟು ನೋವು ತಿನ್ನಬೇಕಿರಲಿಲ್ಲ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ದಾದಾ, ನಾನಿ ಯಾರಿಗಾದರೂ ಹೀಗಾದರೆ, ಆಸ್ಪತ್ರೆಯಿಂದ ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿ: "ಮನೆಯಲ್ಲಿ ಯಾವ ವ್ಯಾಯಾಮ ಮಾಡಿಸಬೇಕು? ನಮಗೆ ಮಾಡಿ ತೋರಿಸಿ." ನಾನು ಅಂದು ಕೇಳದೇ ಹೋದ ಪ್ರಶ್ನೆ ಅದು.