ಹೊಳೆ ಸ್ನಾನ, ಹೆಂಗಸರ ಆರೋಗ್ಯ



ನಾವು ಯಾರ ಮುಂದೆಯೂ ಬಾಯಿಬಿಟ್ಟು ಹೇಳದ ಒಂದು ಕಷ್ಟ ಇದೆ. ಇವತ್ತು ಅದರ ಬಗ್ಗೆ ಮಾತಾಡೋಣ. ಬೇಸಿಗೆಯಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಉರಿಮೂತ್ರ ಆಗುತ್ತೆ. ಕೆಲವರಿಗೆ ಕೆಳಗೆ ತುರಿಕೆ. ಕೆಲವರಿಗೆ ಬಿಳಿ ಸೆರಗು. "ಉಷ್ಣ ಆಗೈತ್ರಿ ಅಕ್ಕೋರೆ" ಅಂತೀವಿ, ಸುಮ್ಮನಾಗ್ತೀವಿ.

ಇದು ಬರೀ ಉಷ್ಣ ಅಲ್ಲ. ಇದು ಕ್ರಿಮಿಗಳಿಂದ ಬರುವ ಸೋಂಕು. ಹೆಂಗಸಿನ ಮೂತ್ರದ ಕೊಳವೆ ಬಹಳ ಚಿಕ್ಕದು. ಉದ್ದ ಸುಮಾರು 4 ಸೆಂಟಿಮೀಟರ್ ಅಷ್ಟೇ. ಗಂಡಸರದು ಅದಕ್ಕಿಂತ ನಾಲ್ಕೈದು ಪಟ್ಟು ಉದ್ದ. ಮಲದ ದಾರಿಯೂ ನಮಗೆ ಹತ್ತಿರ. ಅಲ್ಲಿನ ಕ್ರಿಮಿ ಸುಲಭವಾಗಿ ಮೂತ್ರಕೋಶಕ್ಕೆ ಹೋಗುತ್ತೆ. ಆದ್ದರಿಂದ ಉರಿಮೂತ್ರ ಬಂತು ಅಂದರೆ ಅದು ಕೆಟ್ಟ ನಡತೆಯ ಗುರುತಲ್ಲ. ಯಾವ ಹೆಣ್ಣುಮಗಳಿಗೂ ಬರಬಹುದು.

ಬೇಸಿಗೆಯಲ್ಲೇ ಯಾಕೆ ಹೆಚ್ಚು? ನೋಡಿ. ಮಕ್ಕಳಿಗೆ ಶಾಲೆ ರಜೆ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ಹತ್ತುತ್ತೀವಿ. ತುಂಗಭದ್ರಾ ಹೊಳೆಯಲ್ಲಿ ಮಕ್ಕಳು ಈಜುತ್ತಾರೆ. ನಾವು ಉಟ್ಟ ಬಟ್ಟೆಯಲ್ಲೇ ಮುಳುಗು ಹಾಕ್ತೀವಿ. ಸೀರೆ ಬದಲಾಯಿಸ್ತೀವಿ, ಒಳಗಿನ ಒದ್ದೆ ಲಂಗ ಹಾಗೇ ಇರುತ್ತೆ. ಹರಿಹರೇಶ್ವರನ ಗುಡಿಗೆ ಹೋಗಿ, ಊಟ ಮಾಡಿ, ಬಸ್ಸು ಹಿಡಿದು ಮನೆ ಸೇರೋ ತನಕ ಅದೇ ಲಂಗ. ದಾರಿಯಲ್ಲಿ ಒಂದಕ್ಕೆ ಬಂದರೆ ಎಲ್ಲಿಗೆ ಹೋಗೋದು ಅಂತ ನೀರೂ ಕುಡಿಯೋದಿಲ್ಲ. ಬಂದದ್ದನ್ನೂ ತಡೆದುಕೊಳ್ತೀವಿ.

ಹೊಳೆಗೆ ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಈಜು ಒಳ್ಳೆಯದು. ಆದರೆ ಒದ್ದೆ ಬಟ್ಟೆ, ಕುಡಿಯದ ನೀರು, ತಡೆದ ಮೂತ್ರ, ಈ ಮೂರೂ ಸೇರಿದರೆ ಕ್ರಿಮಿಗೆ ಹಬ್ಬ. ಮೂತ್ರ ಹೋದಾಗ ಕ್ರಿಮಿಯೂ ತೊಳೆದು ಹೋಗುತ್ತೆ. ತಡೆದರೆ ಅದು ಒಳಗೇ ಬೆಳೆಯುತ್ತೆ. ಒದ್ದೆ ಜಾಗದಲ್ಲಿ ಬೂಷ್ಟು ಬೆಳೆಯೋ ಹಾಗೆ, ಒದ್ದೆ ಬಟ್ಟೆಯಲ್ಲಿ ತುರಿಕೆಯ ಸೋಂಕು ಬೆಳೆಯುತ್ತೆ. ಭದ್ರಾ ನಾಲೆಯ ನೀರಿನ ಗದ್ದೆಗಳಲ್ಲಿ ದಿನವೆಲ್ಲ ನಾಟಿ ಹಚ್ಚುವ ತಾಯಂದಿರಿಗೂ ಈ ಮಾತು ಸಲ್ಲುತ್ತೆ.

ಹಾಗಾದರೆ ಏನು ಮಾಡಬೇಕು?

ಹೊಳೆಗೆ ಹೋಗುವಾಗ ಒಣಗಿದ ಒಳಬಟ್ಟೆ, ಲಂಗ ಒಯ್ಯಿರಿ. ನೀರಿನಿಂದ ಎದ್ದ ಕೂಡಲೇ ಬದಲಾಯಿಸಿರಿ. ಇಬ್ಬರು ಸೀರೆ ಹಿಡಿದು ಮರೆ ಮಾಡಿದರೆ ಸಾಕು. ಒಳಬಟ್ಟೆ ಹತ್ತಿಯದಿರಲಿ. ಅದನ್ನು ಬಿಸಿಲಲ್ಲಿ ಒಣಗಿಸಿರಿ. ನಿಂತ ನೀರು, ಚರಂಡಿ ನೀರು ಸೇರುವ ಕಡೆ ಇಳಿಯಬೇಡಿ.

ಬೇಸಿಗೆಯಲ್ಲಿ ದಿನಕ್ಕೆ 10-12 ಲೋಟ ನೀರು ಕುಡಿಯಿರಿ. ಮಜ್ಜಿಗೆ, ಎಳನೀರು ಆದರೂ ಸರಿ. ಮೂತ್ರದ ಬಣ್ಣ ನೋಡಿರಿ. ತಿಳಿಯಾಗಿದ್ದರೆ ನೀರು ಸಾಕಾಗಿದೆ. ಕಡು ಹಳದಿ ಇದ್ದರೆ ಇನ್ನೂ ನೀರು ಬೇಕು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿರಿ.

ಮೂರು ನಾಲ್ಕು ತಾಸಿಗೊಮ್ಮೆ ಒಂದಕ್ಕೆ ಹೋಗಿರಿ. ಗಂಡ ಹೆಂಡತಿ ಕೂಡಿದ ಮೇಲೂ ಹೋಗಿ ಬನ್ನಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹಿಂದಿನಿಂದ ಮುಂದಕ್ಕೆ ಬೇಡ. ಹೆಣ್ಣುಮಕ್ಕಳಿಗೂ ಹೀಗೇ ಕಲಿಸಿರಿ. ಮುಟ್ಟಿನ ಬಟ್ಟೆಯನ್ನು ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಾಯಿಸಿರಿ.

ಯೋನಿಯ ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ. ಹಾಲನ್ನು ಮೊಸರು ಮಾಡುವ ಜಾತಿಯ ಒಳ್ಳೆಯ ಕ್ರಿಮಿಗಳು ಅಲ್ಲಿಯೂ ಇವೆ. ಅವು ನಮ್ಮನ್ನು ಕಾಯುತ್ತವೆ. ಸೋಪು ಅವನ್ನು ಕೊಲ್ಲುತ್ತೆ. ಹೊರಗೆ ಬರೀ ನೀರಲ್ಲಿ ತೊಳೆದರೆ ಸಾಕು.

ಬಿಳಿ ಸೆರಗೆಲ್ಲ ರೋಗವಲ್ಲ. ವಾಸನೆ, ತುರಿಕೆ ಇಲ್ಲದೆ ಸ್ವಲ್ಪ ತೆಳುವಾಗಿ ಹೋದರೆ ಅದು ಸಹಜ. ಒಡೆದ ಮೊಸರಿನ ಹಾಗೆ ಗಟ್ಟಿಯಾಗಿ ಹೋಗಿ ತುರಿಸಿದರೆ, ಮೀನಿನ ವಾಸನೆ ಬಂದರೆ, ಹಸಿರು ಹಳದಿ ಬಣ್ಣ ಇದ್ದರೆ ಡಾಕ್ಟರಿಗೆ ತೋರಿಸಿರಿ. ಕೆಲವು ಸೋಂಕಿಗೆ ಗಂಡನೂ ಔಷಧಿ ತೆಗೆದುಕೊಳ್ಳಬೇಕಾಗುತ್ತೆ.

ಉರಿಮೂತ್ರಕ್ಕೆ ಮಜ್ಜಿಗೆ, ಬಾರ್ಲಿ ನೀರು ಕುಡಿದರೆ ಹಿತ ಆಗುತ್ತೆ, ನಿಜ. ಆದರೆ ಅವು ಕ್ರಿಮಿಯನ್ನು ಕೊಲ್ಲೋದಿಲ್ಲ. ಮೂತ್ರ ಪರೀಕ್ಷೆ ಮಾಡಿಸಿರಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಹರಿಹರದ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿರಿ. ಗಂಡಸು ಡಾಕ್ಟರ ಮುಂದೆ ಹೇಳೋಕೆ ಆಗದಿದ್ದರೆ ನರ್ಸಮ್ಮನಿಗೆ, ಆಶಾ ಕಾರ್ಯಕರ್ತೆಗೆ ಹೇಳಿರಿ. ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನವೂ ನುಂಗಿರಿ. ಉರಿ ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಪದೇ ಪದೇ ಸೋಂಕು ಬಂದರೆ ಸಕ್ಕರೆ ಕಾಯಿಲೆ ಇದೆಯೋ ಅಂತಲೂ ನೋಡಿಸಿರಿ.

ಚಳಿಜ್ವರ, ಪಕ್ಕೆ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಬಸುರಿಯರು ಸ್ವಲ್ಪ ಉರಿ ಇದ್ದರೂ ತಡ ಮಾಡಬಾರದು. ಬಿಟ್ಟರೆ ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು.

ತಲೆನೋವು ಬಂದರೆ ಹೇಳ್ತೀವಿ. ಹಲ್ಲುನೋವು ಬಂದರೆ ಹೇಳ್ತೀವಿ. ಇದೂ ಅದೇ ಮೈಯ ನೋವು. ಈ ಪಾಠವನ್ನು ಮನೆಯಲ್ಲಿ ಮಗಳಿಗೆ, ಸೊಸೆಗೆ, ಅತ್ತೆಗೆ ಓದಿ ಹೇಳಿರಿ.