ಮೊದಲು ತೆಗೆದು ನೋಡಿ, ಆಮೇಲೆ ಸೇರಿಸಿ

(ಮಹಿಳಾ ವೇದಿಕೆಯ ದೌಲತಾಬಾದ್ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ವೇದಿಕೆಯ ಹಿರಿಯರೇ, ಕಾಕೂಗಳೇ, ವೈನಿಯವರೇ, ತಂಗಿಯರೇ, ಹಾಡು, ರಂಗೋಲಿ, ಊಟದ ನಡುವೆ ಕಂಪ್ಯೂಟರ್ ಬಗ್ಗೆ ಮಾತಾಡಲು ನನಗೆ ಹದಿನೈದು ನಿಮಿಷ ಕೊಟ್ಟಿದ್ದೀರಿ. ಅದಕ್ಕೆ ಧನ್ಯವಾದಗಳು.

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಕಂಪ್ಯೂಟರ್ ಇರುವುದು ಒಂದೇ. ಮಕ್ಕಳ ಪಾಠ, ಯಜಮಾನರ ತೆರಿಗೆ ರಿಟರ್ನ್, ಊರಲ್ಲಿರುವ ಅತ್ತೆಯವರ ಪಿಂಚಣಿ ವಿಚಾರ, ನಮ್ಮ ಬ್ಯಾಂಕು, ಸಂಘದ ಆಹ್ವಾನ ಪತ್ರಿಕೆ, ಎಲ್ಲವೂ ಅದರಲ್ಲೇ. ಒಂದು ದಿನ ಪುಟ ತೆರೆಯುವುದಿಲ್ಲ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಇಲ್ಲವೇ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಎಚ್ಚರಿಕೆ ಬರುತ್ತದೆ. ಆಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. “ನಾನು ಮುಟ್ಟೋದಿಲ್ಲಪ್ಪ, ಅವರೇ ಬರಲಿ” ಎಂದು ಎದ್ದು ಹೋಗುತ್ತೇವೆ. ಇಲ್ಲವೇ ಪರದೆ ಏನು ಹೇಳಿದರೂ ಅದನ್ನೇ ಒತ್ತುತ್ತಾ ಹೋಗುತ್ತೇವೆ. ಮೊದಲನೆಯದರಿಂದ ನಾವು ಯಾವಾಗಲೂ ಇನ್ನೊಬ್ಬರ ದಾರಿ ಕಾಯಬೇಕು. ಎರಡನೆಯದರಿಂದ ಖಾತೆಯಲ್ಲಿದ್ದ ಹಣ ಹೋದ ಉದಾಹರಣೆಗಳನ್ನು ನೀವೂ ಕೇಳಿದ್ದೀರಿ.

ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಬ್ರೌಸರ್ ಕೈಕೊಟ್ಟಾಗ ಹೊಸದೇನನ್ನೂ ಸೇರಿಸಬೇಡಿ. ಈಗಾಗಲೇ ಇರುವುದನ್ನು ಒಂದೊಂದಾಗಿ ತೆಗೆದು ನೋಡಿ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ. ಹೇಗೆ, ಏಕೆ ಎನ್ನುವುದನ್ನು ಈಗ ಹೇಳುತ್ತೇನೆ.

ಮೂರು ಹೆಸರುಗಳು

ಮೊದಲನೆಯದು ಸ್ಕ್ರಿಪ್ಟ್. ನಾವು ಒಂದು ಪುಟ ತೆರೆದಾಗ ಅಕ್ಷರ, ಚಿತ್ರಗಳ ಜೊತೆಗೆ ಒಂದಿಷ್ಟು ಆದೇಶಗಳೂ ಬಂದು ನಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತವೆ. ಒಟಿಪಿ ಪೆಟ್ಟಿಗೆ ತೆರೆಯುವುದು, ರೈಲು ಟಿಕೆಟಿನ ದಿನಾಂಕ ಆರಿಸುವುದು ಎಲ್ಲ ಅವುಗಳ ಕೆಲಸ. ಇದಕ್ಕೆ ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ರೂಪಿಸಿದರು. ಸ್ಕ್ರಿಪ್ಟನ್ನು ಪೂರ್ತಿ ನಿಲ್ಲಿಸಿದರೆ ಇವತ್ತಿನ ಬಹುತೇಕ ತಾಣಗಳು ನಡೆಯುವುದೇ ಇಲ್ಲ.

ಎರಡನೆಯದು ಪ್ಲಗ್‌ಇನ್. ಬ್ರೌಸರಿಗೆ ಬಾರದ ಕೆಲಸ ಮಾಡಿಸಲು ಹೊರಗಿನಿಂದ ಜೋಡಿಸುತ್ತಿದ್ದ ತಂತ್ರಾಂಶ ಇದು. ಫ್ಲ್ಯಾಶ್ ಪ್ಲೇಯರ್, ಜಾವಾ ಆಪ್ಲೆಟ್ ಇವೆಲ್ಲ ಈ ಜಾತಿಯವು. ಇವುಗಳ ಕಾಲ ಮುಗಿದಿದೆ. ಕ್ರೋಮ್ 2015ರಲ್ಲಿ ಈ ಹಳೆಯ ಪ್ಲಗ್‌ಇನ್ ವ್ಯವಸ್ಥೆಯನ್ನೇ ತೆಗೆದುಹಾಕಿತು. ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಕೊಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ತಾನಾಗಿಯೇ ಓಡುವುದನ್ನು ಬಿಟ್ಟಿತು. ಆದ್ದರಿಂದ “ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ” ಎಂಬ ಸೂಚನೆ ಇವತ್ತು ಎಲ್ಲಿ ಕಂಡರೂ ಅದು ಸುಳ್ಳು. ಯೋಚನೆ ಮಾಡದೆ ಆ ಪುಟವನ್ನು ಮುಚ್ಚಿ.

ಮೂರನೆಯದು ಎಕ್ಸ್‌ಟೆನ್ಷನ್. ಪ್ಲಗ್‌ಇನ್ ಹೋದ ಮೇಲೆ ಉಳಿದಿರುವುದು ಇದು. ಜಾಹೀರಾತು ತಡೆಯಲು, ಕೂಪನ್ ಹುಡುಕಲು, ಪಿಡಿಎಫ್ ಮಾಡಲು, ಕನ್ನಡ ಟೈಪ್ ಮಾಡಲು ಎಂದು ನಾವೇ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ. ಸೇರಿಸುವಾಗ ಒಂದು ಅನುಮತಿ ಕೇಳುತ್ತದೆ. ಹಲವು ಎಕ್ಸ್‌ಟೆನ್ಷನ್‌ಗಳು ಕೇಳುವ ಅನುಮತಿಯ ಅರ್ಥ ಇದು: ನೀವು ತೆರೆಯುವ ಎಲ್ಲ ತಾಣಗಳಲ್ಲಿರುವುದನ್ನು ಓದಬಲ್ಲೆ, ಬದಲಾಯಿಸಬಲ್ಲೆ. ಎಲ್ಲ ತಾಣ ಎಂದರೆ ಬ್ಯಾಂಕಿನ ಪುಟವೂ ಸೇರಿತು. ನಾವು ಓದದೆ ಒಪ್ಪಿಗೆ ಒತ್ತುತ್ತೇವೆ.

ಉಪ್ಪಿನ ಚೀಲ

ಇಲ್ಲಿ ಎದುರಿಗೇ ಕೋಟೆ ಕಾಣುತ್ತಿದೆ. ಕಡಿದಾದ ಬಂಡೆ, ಸುತ್ತ ಕಂದಕ, ಮೊಳೆ ಬಡಿದ ಬಾಗಿಲು, ಒಳಗೆ ದಾರಿ ತಪ್ಪಿಸುವ ಕತ್ತಲ ಸುರಂಗ. ಇದು ದೌಲತಾಬಾದ್ ಆಗುವ ಮೊದಲು ಸೇವುಣರ ದೇವಗಿರಿಯಾಗಿತ್ತು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದಾಗ ರಾಜ ರಾಮಚಂದ್ರ ಕೋಟೆಯೊಳಗೆ ಉಳಿದ. ಆಗ ನಡೆದದ್ದೆಂದು ಒಂದು ಕತೆ ಹೇಳುತ್ತಾರೆ. ಧಾನ್ಯವೆಂದು ನಂಬಿ ಅವಸರದಲ್ಲಿ ಒಳಗೆ ಸಾಗಿಸಿದ ಚೀಲಗಳನ್ನು ಬಿಚ್ಚಿ ನೋಡಿದರೆ ಇದ್ದದ್ದು ಉಪ್ಪು. ಗೋಡೆ ಗಟ್ಟಿಯಾಗಿಯೇ ಇತ್ತು. ಆದರೆ ಒಳಗಿದ್ದವರಿಗೆ ಉಣ್ಣಲು ಇರಲಿಲ್ಲ, ಶರಣಾಗಬೇಕಾಯಿತು.

ಇವತ್ತಿನ ಬ್ರೌಸರೂ ಗಟ್ಟಿಯಾದ ಕೋಟೆಯೇ. ಒಂದು ಪುಟದ ಸ್ಕ್ರಿಪ್ಟ್ ಇನ್ನೊಂದು ಪುಟದ ವಿಷಯ ನೋಡದಂತೆ ಅದು ಗೋಡೆ ಕಟ್ಟಿರುತ್ತದೆ. ಆದರೆ ಎಕ್ಸ್‌ಟೆನ್ಷನ್ ನಾವೇ ಬಿಚ್ಚಿ ನೋಡದೆ ಒಳಗೆ ತಂದಿಟ್ಟ ಚೀಲ.

ನಡೆದ ಉದಾಹರಣೆಗಳನ್ನೇ ಹೇಳುತ್ತೇನೆ. 2020ರಲ್ಲಿ ಗೂಗಲ್ ನೂರಕ್ಕೂ ಹೆಚ್ಚು ಕೆಡುಕಿನ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿದಾಗ ನಮ್ಮ ದೇಶದ ಸರ್ಟ್-ಇನ್ ಸಂಸ್ಥೆಯೂ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ ನಿಜಕ್ಕೂ ಒಳ್ಳೆಯದಿತ್ತು, ಲಕ್ಷಗಟ್ಟಲೆ ಜನ ಬಳಸುತ್ತಿದ್ದರು. ಮಾಡಿದವರು ಅದನ್ನು ಬೇರೆಯವರಿಗೆ ಮಾರಿದರು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಹಾನಿಕಾರಕವೆಂದು ನಿಲ್ಲಿಸಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಉದ್ಯೋಗಿಯೊಬ್ಬರಿಗೆ ಸುಳ್ಳು ಮಿಂಚಂಚೆ ಕಳಿಸಿ ಅವರ ಎಕ್ಸ್‌ಟೆನ್ಷನ್ನನ್ನೇ ಕಳ್ಳರು ಬದಲಾಯಿಸಿದರು. ಕೆಟ್ಟ ಆವೃತ್ತಿ ಬಳಕೆದಾರರ ಕಂಪ್ಯೂಟರುಗಳಿಗೆ ತಾನಾಗಿಯೇ ಇಳಿಯಿತು. ಅಂದರೆ ಸೇರಿಸಿದ ದಿನ ಒಳ್ಳೆಯದಿದ್ದದ್ದು ನಾಳೆಯೂ ಹಾಗೇ ಇರಬೇಕೆಂದಿಲ್ಲ. ಕಡಿಮೆ ಇದ್ದಷ್ಟೂ ಕ್ಷೇಮ.

ಕೈಕೊಟ್ಟಾಗ ಏನು ಮಾಡುವುದು

ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿಕೊಳ್ಳಿ.

ಒಂದು. ತೊಂದರೆ ಒಂದೇ ತಾಣದಲ್ಲೋ ಎಲ್ಲದರಲ್ಲೋ ನೋಡಿ. ಒಂದೇ ತಾಣವಾದರೆ ಮೊಬೈಲಿನಲ್ಲಿ ಅದೇ ತಾಣ ತೆರೆಯಿರಿ. ಅಲ್ಲಿಯೂ ಬರದಿದ್ದರೆ ತಪ್ಪು ಅವರ ಕಡೆ ಇರುವ ಸಾಧ್ಯತೆಯೇ ಹೆಚ್ಚು. ಸುಮ್ಮನೆ ಒಂದು ಗಂಟೆ ಬಿಟ್ಟು ನೋಡಿ. ರಿಟರ್ನ್ ತುಂಬುವ ಕೊನೆಯ ದಿನ ಹೀಗಾಗುವುದು ಸಾಮಾನ್ಯ.

ಎರಡು. ಪರದೆಯ ಮೂಲೆಯಲ್ಲಿರುವ ದಿನಾಂಕ, ಗಂಟೆ ಸರಿಯಿದೆಯೇ ನೋಡಿ. ಹಳೆಯ ಕಂಪ್ಯೂಟರಿನ ಒಳಗಿನ ಚಿಕ್ಕ ಬ್ಯಾಟರಿ ಮುಗಿದರೆ ದಿನಾಂಕ ಹಿಂದೆ ಹೋಗುತ್ತದೆ. ಆಗ ಸುರಕ್ಷಿತ ತಾಣಗಳೆಲ್ಲ “ಸಂಪರ್ಕ ಸುರಕ್ಷಿತವಲ್ಲ” ಎನ್ನುತ್ತವೆ. ದಿನಾಂಕ ಸರಿ ಮಾಡಿದರೆ ಸಾಕು. ದಿನಾಂಕ ಸರಿಯಿದ್ದೂ ಬ್ಯಾಂಕಿನ ಪುಟ ಹಾಗೆ ಹೇಳಿದರೆ ಮುಂದೆ ಹೋಗಬೇಡಿ.

ಮೂರು. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಹೊಸ ಆವೃತ್ತಿ ಇದ್ದರೆ ಬ್ರೌಸರಿನ ಸೆಟ್ಟಿಂಗ್ಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿ, ಬೇರೆ ಎಲ್ಲಿಂದಲೂ ಅಲ್ಲ.

ನಾಲ್ಕು. ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ. ಕ್ರೋಮ್, ಎಡ್ಜ್ ಎರಡರಲ್ಲೂ ಖಾಸಗಿ ಕಿಟಕಿ ತೆರೆಯುತ್ತದೆ. ನಾವಾಗಿ ಅನುಮತಿ ಕೊಟ್ಟಿರದಿದ್ದರೆ ಇಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ, ಹಳೆಯ ಕುಕಿಗಳೂ ಇರುವುದಿಲ್ಲ. ಕೆಟ್ಟ ಪುಟ ಇಲ್ಲಿ ಸರಿಯಾಗಿ ಬಂದರೆ ಅಪರಾಧಿ ಅವೆರಡರಲ್ಲಿ ಒಂದು. ಅರ್ಧ ಸಮಸ್ಯೆ ಬಿಡಿಸಿದಂತೆಯೇ.

ಐದು. ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆದು ಎಲ್ಲವನ್ನೂ ಆಫ್ ಮಾಡಿ. ಪುಟ ಸರಿಯಾದರೆ ಅರ್ಧದಷ್ಟನ್ನು ಆನ್ ಮಾಡಿ. ತೊಂದರೆ ಮರಳಿದರೆ ಕಳ್ಳ ಈ ಅರ್ಧದಲ್ಲಿದ್ದಾನೆ, ಇಲ್ಲವಾದರೆ ಆ ಅರ್ಧದಲ್ಲಿ. ಎಂಟು ಇದ್ದರೂ ಮೂರೇ ಸಲದಲ್ಲಿ ಸಿಕ್ಕಿಬೀಳುತ್ತಾನೆ.

ಆರು. ಎಕ್ಸ್‌ಟೆನ್ಷನ್ ಅಲ್ಲವಾದರೆ ಆ ಒಂದು ತಾಣದ ಕುಕಿಗಳನ್ನು ಮಾತ್ರ ಅಳಿಸಿ. ಎಲ್ಲ ತಾಣಗಳದ್ದನ್ನೂ ಅಳಿಸಿದರೆ ಮನೆಯವರೆಲ್ಲ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು, ಆಮೇಲೆ ಮಾತು ಕೇಳಬೇಕಾದವರು ನಾವು.

ಏಳು. ಅರ್ಜಿ ತುಂಬುವಾಗ ಹೊಸ ಕಿಟಕಿ ತೆರೆಯದಿದ್ದರೆ ಪಾಪ್‌ಅಪ್ ತಡೆ ಇರಬಹುದು. ಆ ತಾಣಕ್ಕೆ ಮಾತ್ರ ಅನುಮತಿ ಕೊಡಿ. ಎಲ್ಲ ತಾಣಗಳಿಗೂ ಬಾಗಿಲು ತೆರೆದಿಡಬೇಡಿ.

ಎಂಟು. ಯಾವುದೂ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ರಿಸೆಟ್ ಇದೆ. ಕ್ರೋಮ್‌ನಲ್ಲಿ ಇದು ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿ ತಾತ್ಕಾಲಿಕ ಮಾಹಿತಿ ಅಳಿಸುತ್ತದೆ. ಬುಕ್‌ಮಾರ್ಕ್, ಉಳಿಸಿಟ್ಟ ಪಾಸ್‌ವರ್ಡ್ ಹಾಗೇ ಇರುತ್ತವೆ.

ಮಾಡಬಾರದ್ದು

ಪುಟ ಓಡಲೆಂದು ಆಂಟಿವೈರಸ್ ಆಫ್ ಮಾಡಬೇಡಿ. “ಸುದ್ದಿ ನೋಡಲು ಅಲೋ ಒತ್ತಿ” ಎಂದು ಕೇಳುವ ಅಪರಿಚಿತ ತಾಣಕ್ಕೆ ಅಲೋ ಒತ್ತಬೇಡಿ. ಆಮೇಲೆ ಪರದೆಯ ಮೂಲೆಯಲ್ಲಿ “ವೈರಸ್ ಬಂದಿದೆ” ಎಂದು ಹಗಲೂ ರಾತ್ರಿ ಹೆದರಿಸುವುದು ಅದೇ. ವೈರಸ್ ಬಂದಿರುವುದಿಲ್ಲ, ಅದು ಬರೀ ನೋಟಿಫಿಕೇಶನ್. ಸೆಟ್ಟಿಂಗ್ಸ್‌ನಲ್ಲಿ ಆ ತಾಣದ ಅನುಮತಿ ತೆಗೆದರೆ ನಿಲ್ಲುತ್ತದೆ.

ಈಚೆಗೆ ಇನ್ನೊಂದು ಮೋಸ ಬಂದಿದೆ. “ನೀವು ರೋಬಾಟ್ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್” ಎನ್ನುತ್ತದೆ ಪುಟ. ಅಷ್ಟರಲ್ಲಿ ಅದು ಒಂದು ಕೆಟ್ಟ ಆದೇಶವನ್ನು ನಮಗೆ ಕಾಣದಂತೆ ಕಾಪಿ ಮಾಡಿಟ್ಟಿರುತ್ತದೆ. ನಾವೇ ನಮ್ಮ ಕೈಯಾರೆ ಅದನ್ನು ಓಡಿಸುತ್ತೇವೆ. ಯಾವ ನಿಜವಾದ ತಾಣವೂ ಹೀಗೆ ಕೇಳುವುದಿಲ್ಲ.

ಸಹಾಯವಾಣಿ ನಂಬರನ್ನು ಹುಡುಕಾಟದ ಫಲಿತಾಂಶದಿಂದ ತೆಗೆದುಕೊಳ್ಳಬೇಡಿ. ಬ್ಯಾಂಕಿನ ನಂಬರ್ ನಿಮ್ಮ ಕಾರ್ಡಿನ ಹಿಂದೆಯೇ ಇದೆ. “ಒಂದು ಆ್ಯಪ್ ಹಾಕಿ, ನಾನೇ ಸರಿ ಮಾಡುತ್ತೇನೆ” ಎನ್ನುವ ಅಪರಿಚಿತನಿಗೆ ಪರದೆ ತೋರಿಸುವುದೂ ಒಂದೇ, ಬೀರುವಿನ ಬೀಗದ ಕೈ ಕೊಡುವುದೂ ಒಂದೇ.

ನಮ್ಮದೇ ಎರಡು ಸಂದರ್ಭ

ಕನ್ನಡ ಟೈಪಿಂಗ್‌ಗೆಂದು ಸಿಕ್ಕಸಿಕ್ಕ ಎಕ್ಸ್‌ಟೆನ್ಷನ್ ಹಾಕಿಕೊಳ್ಳುವವರು ನಮ್ಮಲ್ಲಿ ಬಹಳ. ಅದರ ಅಗತ್ಯವೇ ಇಲ್ಲ. 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡದ ಫೋನೆಟಿಕ್ ಕೀಲಿಮಣೆ ಇದೆ, ಮರಾಠಿಯದೂ ಇದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಆಯಿತು. ನೀವು ಬೆರಳಾಡಿಸುವ ಪ್ರತಿ ಕೀಲಿಯನ್ನೂ ಮೂರನೆಯವರು ನೋಡುವ ಭಯವಿಲ್ಲ.

ಮನೆಯಿಂದ ಸೀರೆ, ಚಟ್ನಿಪುಡಿ ವ್ಯಾಪಾರ ಮಾಡುವ ಸೋದರಿಯರಲ್ಲಿ ಕೆಲವರಿಗೆ ಜಿಎಸ್‌ಟಿ ತಾಣದಲ್ಲಿ ಡಿಜಿಟಲ್ ಸಹಿ ಹಾಕಬೇಕಾಗುತ್ತದೆ. ಅದಕ್ಕೆ ಬೇಕಾಗುವ ಎಮ್‌ಸೈನರ್ ಬ್ರೌಸರಿನ ಹೊರಗೆ ಓಡುವ ಪ್ರತ್ಯೇಕ ತಂತ್ರಾಂಶ. ಸಹಿ ಕೆಲಸ ಮಾಡದಿದ್ದರೆ ಬ್ರೌಸರನ್ನು ಬೈಯುವ ಮೊದಲು ಅದು ಓಡುತ್ತಿದೆಯೇ ನೋಡಿ. ಇಳಿಸಿಕೊಳ್ಳುವುದಾದರೆ ಜಿಎಸ್‌ಟಿ ತಾಣದಿಂದಲೇ ಇಳಿಸಿಕೊಳ್ಳಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕೇ ಬೇಕು ಎನ್ನುವ ಹಳೆಯ ತಾಣ ಎದುರಾದರೆ ಎಡ್ಜ್ ಬ್ರೌಸರಿನಲ್ಲೇ ಅದಕ್ಕೊಂದು ವಿಶೇಷ ಮೋಡ್ ಇದೆ. ಹಳೆಯದನ್ನು ಎಲ್ಲಿಂದಲೋ ಹುಡುಕಿ ತರಬೇಡಿ.

ಇಷ್ಟಾಗಿಯೂ ಏನೋ ಒತ್ತಿಬಿಟ್ಟಿರೆಂದು ಇಟ್ಟುಕೊಳ್ಳಿ. ಮೊದಲು ವೈಫೈ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, ಪಾಸ್‌ವರ್ಡನ್ನೂ ಬೇರೆ ಸಾಧನದಿಂದಲೇ ಬದಲಾಯಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕಂಪ್ಯೂಟರ್ ಸ್ವಚ್ಛ ಮಾಡಲು ಸರ್ಟ್-ಇನ್‌ನ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಉಪಕರಣಗಳನ್ನು ಕೊಡುತ್ತಿದೆ.

ಮನೆಯವರು ಬೈಯುತ್ತಾರೆಂದು ಮಾತ್ರ ಮುಚ್ಚಿಡಬೇಡಿ. ಮೋಸಗಾರರಿಗೆ ಸಮಯ ಸಿಗುವುದು ನಮ್ಮ ಆ ಸಂಕೋಚದಿಂದಲೇ. ಇದನ್ನು ಗಂಡಸರಿಗೂ ಹೇಳುತ್ತೇನೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ: ಹೆಂಡತಿ, ತಾಯಿ, ಅತ್ತೆ ಧೈರ್ಯವಾಗಿ “ಹೀಗಾಯ್ತು” ಎಂದು ಹೇಳಬಹುದಾದ ಮನೆಯಲ್ಲಿ ನಷ್ಟ ಕಡಿಮೆ.

ಕೊನೆಯದಾಗಿ ಒಂದು ಕೆಲಸ ಕೊಡುತ್ತೇನೆ. ಬ್ರೌಸರಿನಲ್ಲಿ ಇನ್ನೊಂದು ಪ್ರೊಫೈಲ್ ಮಾಡಿ, ಅದಕ್ಕೆ “ಬ್ಯಾಂಕು” ಎಂದು ಹೆಸರಿಡಿ. ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ, ಬ್ಯಾಂಕು ಮತ್ತು ತೆರಿಗೆ ಬಿಟ್ಟು ಬೇರೆ ತಾಣವೂ ಬೇಡ. ನಿಮ್ಮ ಮಾಮೂಲಿ ಪ್ರೊಫೈಲಿನಲ್ಲಿ ಎಕ್ಸ್‌ಟೆನ್ಷನ್‌ಗಳನ್ನು ಎಣಿಸಿ. ಯಾವುದನ್ನು ಏಕೆ ಹಾಕಿದೆ ಎಂದು ನಿಮಗೇ ಹೇಳಲಾಗುವುದಿಲ್ಲವೋ ಅದನ್ನು ಇವತ್ತೇ ತೆಗೆದುಬಿಡಿ. ಎಷ್ಟು ಇದ್ದವು, ಎಷ್ಟು ಉಳಿದವು ಎಂದು ನಮ್ಮ ಗುಂಪಿನಲ್ಲಿ ಬರೆಯಿರಿ. ಅನುಮಾನ ಬಂದರೆ ಅದನ್ನೂ ಅಲ್ಲೇ ಕೇಳಿ, ಗೊತ್ತಿದ್ದವರು ಹೇಳುತ್ತೇವೆ.