ಕ್ಲಿಪ್ ತೆಗೆದ ಮೇಲೆ

(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನಡೆದ ಕಾರ್ಯಕ್ರಮದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಇವತ್ತು ಹಲ್ಲಿನ ಬಗ್ಗೆ ಮಾತಾಡುತ್ತೇನೆ. ನಾವು ಇಲ್ಲಿ ಓದುವಾಗ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಉಬ್ಬುಹಲ್ಲಿದ್ದವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೆ. ಇವತ್ತು ಪ್ರಾರ್ಥನೆಯ ಸಾಲಿನಲ್ಲಿ ನಾಲ್ಕೈದು ಮಕ್ಕಳ ಬಾಯಲ್ಲಿ ಕ್ಲಿಪ್ ಕಂಡೆ. ಸಂತೋಷವಾಯಿತು. ಡೈರಿಯ ದುಡ್ಡನ್ನೋ ಚೀಟಿಯ ದುಡ್ಡನ್ನೋ ಕೂಡಿಟ್ಟು ಅಪ್ಪ ಅಮ್ಮ ಹಾಕಿಸಿರುತ್ತಾರೆ. ಆ ದುಡ್ಡು ನೀರಿನಲ್ಲಿ ಹೋಮ ಆಗಬಾರದು ಎಂಬುದೇ ನನ್ನ ಮಾತಿನ ಉದ್ದೇಶ.

ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೆ ಕೆಲಸಕ್ಕೆ ಸೇರಿದ ಮೇಲೆ, 28ನೇ ವಯಸ್ಸಿನಲ್ಲಿ ಕ್ಲಿಪ್ ಹಾಕಿಸಿಕೊಂಡೆ. ಎರಡು ವರ್ಷ ಇತ್ತು. ಅದನ್ನು ತೆಗೆದು ಆರು ವರ್ಷವಾಯಿತು. ಇವತ್ತಿಗೂ ಮಲಗುವ ಮುಂಚೆ ರಿಟೇನರ್ ಹಾಕಿಕೊಳ್ಳುತ್ತೇನೆ. ಸರಿಪಡಿಸಿದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನವೇ ರಿಟೇನರ್.

ಹಲ್ಲು ಎಂದರೆ ಗೋಡೆಗೆ ಹೊಡೆದ ಮೊಳೆಯಲ್ಲ. ಅದರ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ನಾರುಗಳ ಪದರವಿದೆ. ಕ್ಲಿಪ್ಪಿನ ತಂತಿ ಹಲ್ಲನ್ನು ಮೆಲ್ಲಗೆ ತಳ್ಳಿದಾಗ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಿಂದೆ ತೆರವಾದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ತಂತಿ ತೆಗೆದ ದಿನ ಹಲ್ಲು ನೆಟ್ಟಗೆ ಕಾಣುತ್ತದೆ, ಆದರೆ ಇನ್ನೂ ಬಿಗಿಯಾಗಿ ಕೂತಿರುವುದಿಲ್ಲ. ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು 3ರಿಂದ 4 ತಿಂಗಳು ಬೇಕು. ವಸಡಿನೊಳಗಿನ ಕೆಲವು ನಾರುಗಳು ರಬ್ಬರ್ ಬ್ಯಾಂಡಿನಂತೆ ಹಿಗ್ಗಿರುತ್ತವೆ. ಅವು ತಣ್ಣಗಾಗಲು ಒಂದು ವರ್ಷದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ.

ಮನೆ ಕಟ್ಟಿಸಿದವರು ಇಲ್ಲಿ ಬಹಳ ಜನ ಇದ್ದೀರಿ. ಮೋಲ್ಡ್ ಹಾಕಿದ ಮಾರನೇ ದಿನವೇ ಸೆಂಟ್ರಿಂಗ್ ಬಿಚ್ಚುತ್ತೀರಾ? ಇಲ್ಲ. ಮೇಲೆ ನೋಡಲು ಗಟ್ಟಿಯಾಗಿದ್ದರೂ ಕೆಳಗೆ ಆಸರೆ ಇರಲೇಬೇಕು. ಹಲ್ಲಿಗೆ ರಿಟೇನರ್ ಅಂಥ ಆಸರೆ. ಒಂದು ವ್ಯತ್ಯಾಸವಿದೆ. ಮೋಲ್ಡಿನ ಆಸರೆಯನ್ನು ಒಂದು ದಿನ ತೆಗೆದುಬಿಡಬಹುದು. ಹಲ್ಲು ಹಾಗಲ್ಲ, ವಯಸ್ಸಾದಂತೆ ಸ್ವಲ್ಪ ಸ್ವಲ್ಪ ಸರಿಯುತ್ತಲೇ ಇರುತ್ತದೆ. ಕ್ಲಿಪ್ಪನ್ನೇ ಹಾಕಿಸದವರಿಗೂ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗುವುದುಂಟು. ಆದ್ದರಿಂದಲೇ ಮೊದಲ ಕೆಲವು ತಿಂಗಳು ಹಗಲೂ ರಾತ್ರಿ, ಆಮೇಲೆ ವರ್ಷಗಟ್ಟಲೆ ರಾತ್ರಿ ಹೊತ್ತು ಹಾಕಿಕೊಳ್ಳಿ ಎಂದು ಡಾಕ್ಟರುಗಳು ಸಾಮಾನ್ಯವಾಗಿ ಹೇಳುತ್ತಾರೆ. ಯಾರಿಗೆ ಎಷ್ಟು ಎಂಬುದನ್ನು ಅವರೇ ತೀರ್ಮಾನಿಸಬೇಕು.

ರಿಟೇನರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಅಂಗುಳಿಗೆ ಕೂರುವ ಪ್ಲಾಸ್ಟಿಕ್ಕಿನ ತಟ್ಟೆ, ಮುಂದೆ ತಂತಿ ಇರುವುದು ಒಂದು. ಅಮೆರಿಕದ ದಂತವೈದ್ಯ ಚಾರ್ಲ್ಸ್ ಹಾಲಿ ಇದನ್ನು ರೂಪಿಸಿ ನೂರು ವರ್ಷ ದಾಟಿದೆ. ಇನ್ನೊಂದು, ಹಲ್ಲಿನ ಅಚ್ಚಿನಂತಿರುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ಮೂರನೆಯದು, ಮುಂದಿನ ಹಲ್ಲುಗಳ ಒಳಬದಿಗೆ ಅಂಟಿಸುವ ಸಣ್ಣ ತಂತಿ. ಇದನ್ನು ನಾವು ತೆಗೆಯುವ ಹಾಗಿಲ್ಲ. ಇದರ ಸುತ್ತ ಪಾಚಿ ಕಟ್ಟುತ್ತದೆ, ಹಾಗಾಗಿ ಚೆನ್ನಾಗಿ ಉಜ್ಜಬೇಕು, ಆಗಾಗ ತೋರಿಸಬೇಕು.

ಮಕ್ಕಳೇ, ತೆಗೆದು ಹಾಕುವ ರಿಟೇನರ್ ಇರುವವರು ಇಷ್ಟು ನೆನಪಿಡಿ. ಊಟ ಮಾಡುವಾಗ ತೆಗೆಯಿರಿ. ತೆಗೆದದ್ದನ್ನು ಡಬ್ಬಿಯಲ್ಲೇ ಇಡಿ. ಪೇಪರಿನಲ್ಲಿ ಸುತ್ತಿಟ್ಟರೆ ಎಲೆ ಎತ್ತುವವರು ಅದನ್ನೂ ಕಸ ಎಂದುಕೊಂಡು ಎಸೆಯುತ್ತಾರೆ. ಹೊರಗೆ ಬಿಟ್ಟರೆ ನಾಯಿ ಕಚ್ಚಿಕೊಂಡು ಹೋಗುತ್ತದೆ. ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಎರಡು ದಿನ ಬಿಟ್ಟು ಹಾಕಿದಾಗ ಬಿಗಿ ಎನಿಸಿದರೆ ಹಲ್ಲು ಹೊರಟಿದೆ ಎಂದು ಅರ್ಥ. ಕೂರದೇ ಹೋದರೆ ಒತ್ತಿ ಕೂರಿಸಬೇಡಿ, ತಂತಿಯನ್ನು ನೀವೇ ಬಗ್ಗಿಸಬೇಡಿ. ಬೇಗ ಹೋಗಿ ಡಾಕ್ಟರಿಗೆ ತೋರಿಸಿ.

ಪೋಷಕರಿಗೆ ಒಂದು ಮಾತು. ಕ್ಲಿಪ್ ಹಾಕಿಸುವ ಮುಂಚೆಯೇ ಡಾಕ್ಟರನ್ನು ಕೇಳಿ: ರಿಟೇನರ್ ಈ ದುಡ್ಡಿನಲ್ಲಿ ಸೇರಿದೆಯೇ? ಮುರಿದರೆ, ಕಳೆದರೆ ಹೊಸದಕ್ಕೆ ಎಷ್ಟು? ಕ್ಲಿಪ್ ತೆಗೆದ ಮೇಲೆ ಎಷ್ಟು ಸಲ ಬರಬೇಕು? ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಖಾಸಗಿ ಕ್ಲಿನಿಕ್ ದುಬಾರಿಯಾದರೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಹಲ್ಲು ಸರಿಪಡಿಸುವ ವಿಭಾಗ ಅಲ್ಲಿಯೂ ಇರುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ.

ಇನ್ನೊಂದು ಮಾತು, ಯಾರೂ ಬೇಸರ ಮಾಡಿಕೊಳ್ಳಬಾರದು. ನಮ್ಮ ಕಡೆ ಹೆಣ್ಣುಮಕ್ಕಳ ಹಲ್ಲು ನೆನಪಾಗುವುದು ಗಂಡು ನೋಡಲು ಹೊರಟಾಗ. ಮದುವೆಯಾದ ಮೇಲೆ ‘ಇನ್ನೂ ಯಾಕಮ್ಮ ಅದು’ ಎನ್ನುತ್ತೇವೆ. ಅತ್ತೆಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿಂದ ರಿಟೇನರ್ ತೆಗೆಯಲು ಆ ಹುಡುಗಿ ನಾಚುತ್ತಾಳೆ. ನಾಚಿ ನಾಚಿ ಹಾಕುವುದನ್ನೇ ಬಿಡುತ್ತಾಳೆ. ಕನ್ನಡಕ ತೆಗೆದಿಟ್ಟರೆ ನಾವು ಏನಾದರೂ ಅನ್ನುತ್ತೇವೆಯೇ? ಇದೂ ಹಾಗೆಯೇ ಎಂದು ಮನೆಯ ಹಿರಿಯರು ಒಂದು ಸಲ ಹೇಳಿದರೆ ಅವಳಿಗೆ ಧೈರ್ಯ ಬರುತ್ತದೆ. ಹಲ್ಲು ನೆಟ್ಟಗಿರಬೇಕಾದದ್ದು ಅವಳಿಗಾಗಿ, ನೋಡಲು ಬರುವವರಿಗಾಗಿ ಅಲ್ಲ. ಒತ್ತೊತ್ತಾಗಿಲ್ಲದ ಹಲ್ಲನ್ನು ಉಜ್ಜುವುದೂ ಸುಲಭ.

ನಮ್ಮ ಕೆಲಸದಲ್ಲೂ ಪ್ರೋಗ್ರಾಂ ಬರೆದುಕೊಟ್ಟ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಹಾಗಾಗಿ ಕ್ಲಿಪ್ ತೆಗೆದ ದಿನ ಪೇಡ ಹಂಚಿ, ಬೇಡ ಅನ್ನುವುದಿಲ್ಲ. ಆ ರಾತ್ರಿಯಿಂದಲೇ ರಿಟೇನರ್ ಹಾಕಿಕೊಳ್ಳಿ.